ಗಿಡಕ್ಕೆ ಜೈಲು, ಬಾಟಲಿಗೆ ಬಜೆಟ್ಟು

ಗಾಂಜಾ ವಿಷಯ ಬಂದ್ರ ನಮ್ಮಲ್ಲಿ ಎರಡೇ ಪಾರ್ಟಿ. ಒಂದು ಪಾರ್ಟಿ 'ಹುಡುಗ್ರು ಹಾಳಾದ್ರು, ಇನ್ನೂ ಬಿಗಿ ಕಾನೂನು ತರ್ರಿ' ಅಂತೈತಿ. ಇನ್ನೊಂದು 'ಕೆನಡಾದವ್ರು ಬಿಟ್ರು, ಜರ್ಮನಿಯವ್ರು ಬಿಟ್ರು, ನಾವೂ ಬಿಟ್ಟುಬಿಡೋಣು, ರೈತ ಉದ್ಧಾರ ಆಗ್ತಾನ' ಅಂತೈತಿ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹೊಲದ ಬದುವಿನ ಮೇಲೆ ನಿಂತು ಕೇಳಿದರೆ ಎರಡೂ ಮಾತು ಟೊಳ್ಳು. ನನ್ನ ವಾದ ಇಷ್ಟೇ: ಸೇದಿದವನಿಗೆ, ನಾಲ್ಕು ಗಿಡ ಹಚ್ಚಿದವನಿಗೆ ಜೈಲು ಬ್ಯಾಡ. ಹಂಗಂತ ಗಾಂಜಾದ ಅಂಗಡಿನೂ ಬ್ಯಾಡ.

ಮೊದಲು ಕಾನೂನು ನೋಡ್ರಿ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷ ರೂಪಾಯಿಯವರೆಗೆ ದಂಡ. ಸಿಕ್ಕ ಮಾಲು 1 ಕೆಜಿಯೊಳಗಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. 20 ಕೆಜಿ ದಾಟಿತೋ, ಅದು 'ವಾಣಿಜ್ಯ ಪ್ರಮಾಣ'. ಕನಿಷ್ಠ 10, ಗರಿಷ್ಠ 20 ವರ್ಷ. ಜಾಮೀನು ಅಂತೂ ಕೇಳಬ್ಯಾಡ್ರಿ. ಆರೋಪಿ ತಪ್ಪಿತಸ್ಥನಲ್ಲ ಅಂತ ನಂಬೋಕೆ ಕಾರಣ ಐತಿ ಅಂತ ಕೋರ್ಟಿಗೆ ಅನಿಸಬೇಕು, ಹೊರಗೆ ಬಂದು ಮತ್ತೆ ಅಪರಾಧ ಮಾಡೋದಿಲ್ಲ ಅಂತನೂ ಅನಿಸಬೇಕು. ವಿಚಾರಣೆ ಮುಗಿಯೋ ಮೊದಲೇ ಅರ್ಧ ಶಿಕ್ಷೆ ಮುಗಿದಿರತೈತಿ.

ಈಗ ತೂಕದ ಲೆಕ್ಕ. ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ಇಲ್ಲವೇ ಕಾಯಿಯ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಆದರೆ ಹೊಲದಲ್ಲಿ ಗಿಡ ಕಿತ್ತಾಗ ಬೇರು, ಕಾಂಡ, ಹಸಿ ಎಲೆ, ಮಣ್ಣು ಎಲ್ಲಾ ತಕ್ಕಡಿ ಏರಿದರೆ ಏನಾಗತೈತಿ ಹೇಳ್ರಿ? ಎತ್ತರಕ್ಕೆ ಬೆಳೆದ ಹಸಿ ಗಿಡ ಕೆಲವೇ ಇದ್ದರೂ 20 ಕೆಜಿ ದೂರವಿಲ್ಲ. ಇದೇ ತಕರಾರು ಹೈಕೋರ್ಟುಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಹೂವು ಬಿಡಿಸಿ ತೂಗಿದ್ದರೆ ಸಣ್ಣ ಕೇಸು, ಗಿಡಸಮೇತ ತೂಗಿದರೆ 10 ವರ್ಷ. ಒಬ್ಬ ಮನುಷ್ಯನ ಆಯುಷ್ಯ ಹಸಿ ಕಾಂಡದ ನೀರಿನ ಮೇಲೆ ನಿಂತೈತಿ.

ಕಬ್ಬಿನ ನಡುವೆ ಗಾಂಜಾ ಗಿಡ ಸಿಕ್ಕವು ಅನ್ನೋ ಸುದ್ದಿ ಬೆಳಗಾವಿ ಜಿಲ್ಲೆಯ ಪೇಪರು ಓದುವವರಿಗೆ ಹೊಸದೇನಲ್ಲ. ಫೋಟೊ ಒಂದೇ ನಮೂನಿ: ಮುಂದೆ ಗಿಡದ ರಾಶಿ, ಹಿಂದೆ ಅಧಿಕಾರಿಗಳ ಸಾಲು, ನಡುವೆ ತಲೆ ತಗ್ಗಿಸಿದ ಒಬ್ಬ ರೈತ. ಅವನಿಗೆ ಬೀಜ ಕೊಟ್ಟವ, ಮುಂಗಡ ಕೊಟ್ಟವ, ಮಾಲು ಎತ್ತುವವ ಯಾರೂ ಆ ಫೋಟೊದಾಗ ಇರೂದಿಲ್ಲ. ಗಿಡಕ್ಕೆ ಬೇರು ಐತಿ, ಓಡಿಹೋಗೂದಿಲ್ಲ. ರೈತನಿಗೂ ಹೊಲ ಐತಿ, ಅವನೂ ಓಡೂದಿಲ್ಲ. ಹಿಂಗಾಗಿ ಹಿಡಿಯೋದು ಸಲೀಸು.

ಆ ರೈತ ಸಾಚಾ ಅಂತ ನಾನೇನೂ ಹೇಳೂದಿಲ್ಲ. ಆಸೆಬುರುಕನೂ ಇರಬಹುದು. ಆದರೆ ಆಸೆ ಹುಟ್ಟೋ ಜಾಗ ನೋಡ್ರಿ. ಕಬ್ಬು ಕಟಾವಿಗೆ ಬರೋಕೆ ವರ್ಷ ಬೇಕು. ಕಬ್ಬು ಕಳಿಸಿದ 14 ದಿನದಾಗ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳತೈತಿ. ಕೊಡೋದು ಯಾವಾಗ ಅನ್ನೋದು ನಿಮಗೇ ಗೊತ್ತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಾಗ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹಗಲೂ ರಾತ್ರಿ ಕೂತರು. ಕೊನೆಗೆ ಸರ್ಕಾರ ಹೇಳಿದ್ದು 3,300. ಕಾನೂನುಬದ್ಧ ಬೆಳೆಗೆ ರಸ್ತೆ ಬಂದ್ ಮಾಡಬೇಕಾದ ಊರಾಗ, ಕಾನೂನುಬಾಹಿರ ಬೆಳೆಗೆ ರೊಕ್ಕ ಹಿಡಿದು ಒಬ್ಬ ಮನಿತನಕ ಬರತಾನ. ಈ ವ್ಯವಹಾರ ನಿಲ್ಲಿಸೋಕೆ ಬರೇ ಪೊಲೀಸ್ ಜೀಪು ಸಾಕೇನ್ರಿ?

ಇನ್ನು ನೈತಿಕತೆಯ ಮಾತು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ನವರು ಮಾಡಿದ, 2019ರಲ್ಲಿ ಬಂದ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದ್ಯ ಕುಡಿಯೋರು ಸುಮಾರು 16 ಕೋಟಿ, ಭಂಗಿ-ಗಾಂಜಾ-ಚರಸ್ ಎಲ್ಲಾ ಸೇರಿಸಿ ಬಳಸೋರು ಸುಮಾರು 3.1 ಕೋಟಿ. 2007ರ ಜುಲೈನಲ್ಲಿ ಕರ್ನಾಟಕ ಸಾರಾಯಿ ನಿಷೇಧಿಸಿತು. ಕುಡಿಯೋದು ನಿಂತಿತೇನು? ಪಾಕೀಟಿನ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2025-26ರ ರಾಜ್ಯ ಬಜೆಟ್ಟಿನಾಗ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಟ್ಟಾರ. ಗುರಿ ರೀ! ಇಷ್ಟು ಕುಡಿಸಬೇಕು ಅಂತ ಟಾರ್ಗೆಟ್. ಹೆಂಡತಿಯ ಮಂಗಳಸೂತ್ರ ಒತ್ತೆ ಇಟ್ಟು ಕುಡಿದವ ಸರ್ಕಾರಕ್ಕೆ ತೆರಿಗೆದಾರ, ಜಾತ್ರೆಯಾಗ ಚಿಲುಮೆ ಎಳೆದ ಮುದುಕ ಅಪರಾಧಿ.

ಈ ಅಪರಾಧನೂ ಅಷ್ಟು ಹಳೇದಲ್ಲ. ಬ್ರಿಟಿಷರು 1893ರಲ್ಲಿ ಇದಕ್ಕಂತಲೇ ಒಂದು ಆಯೋಗ ಕೂರಿಸಿದ್ರು. ಅದು ಮರುವರ್ಷ ದೊಡ್ಡ ವರದಿ ಕೊಟ್ಟು, ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಪೂರ್ತಿ ನಿಷೇಧ ಬೇಡ ಅಂತು. 1961ರ ಅಂತರರಾಷ್ಟ್ರೀಯ ಒಪ್ಪಂದದ ಗಡುವು ಹತ್ತಿರ ಬಂದಾಗ 1985ರಲ್ಲಿ ದಿಲ್ಲಿ ಈ ಕಾಯ್ದೆ ತಂತು. ಆವಾಗಲೂ ಭಂಗಿ ಸೊಪ್ಪನ್ನ ಹೊರಗಿಟ್ಟರು. 2022ರಲ್ಲಿ ನಮ್ಮ ಹೈಕೋರ್ಟೇ ಒಂದು ಜಾಮೀನು ಆದೇಶದಲ್ಲಿ ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದಿತು. ಅಂದ್ರ ಒಂದೇ ಗಿಡದ ಎಲೆಗೆ ರಿಯಾಯಿತಿ, ಹೂವಿಗೆ ಜೈಲು.

ಇಷ್ಟು ಕೇಳಿ ಎರಡನೇ ಪಾರ್ಟಿಯವರು ಚಪ್ಪಾಳೆ ತಟ್ಟಬ್ಯಾಡ್ರಿ. ನಿಮಗೂ ಒಂದು ಮಾತೈತಿ. ಕಾನೂನುಬದ್ಧ ಮಾಡಿದ ಮಾತ್ರಕ್ಕೆ ರೈತ ಶ್ರೀಮಂತ ಆಗ್ತಾನ ಅನ್ನೋರು ಹುಕ್ಕೇರಿಯಿಂದ ಸಂಕೇಶ್ವರ ದಾಟಿ ನಿಪ್ಪಾಣಿಗೆ ಒಮ್ಮೆ ಹೋಗಿಬರ್ರಿ. ತಂಬಾಕು ಅಲ್ಲಿ ಎಂದೂ ಕಾನೂನುಬದ್ಧವೇ. ಆದರೂ 1981ರಲ್ಲಿ ಶರದ್ ಜೋಶಿ ಮುಂದಾಳತ್ವದಲ್ಲಿ ತಂಬಾಕಿನ ದರಕ್ಕಾಗಿ ರೈತರು ಹೆದ್ದಾರಿಯಲ್ಲಿ ಕೂತರು, ಗೋಲಿಬಾರಿನಲ್ಲಿ ಜೀವ ಕಳೆದುಕೊಂಡರು. ಮೈಸೂರು ಕಡೆಯ ವರ್ಜೀನಿಯಾ ತಂಬಾಕಿಗೆ ಮಂಡಳಿ ಐತಿ, ಹರಾಜು ಐತಿ. ನಮ್ಮ ಬೀಡಿ ತಂಬಾಕಿಗೆ ವ್ಯಾಪಾರಿ ಹೇಳಿದ್ದೇ ದರ. ನಾಳೆ ಗಾಂಜಾಕ್ಕೆ ಲೈಸೆನ್ಸು ಬಂದರೆ ಅದು ಎರಡೆಕರೆಯವನ ಕೈಗೆ ಬರತೈತೇನು? ಬೇಲಿ, ಕ್ಯಾಮೆರಾ, ಲ್ಯಾಬು, ಠೇವಣಿ ಇದ್ದವರಿಗೆ ಲೈಸೆನ್ಸು. ನಮ್ಮವರಿಗೆ ದಿನಗೂಲಿ.

ಹೆಂಪ್ ಮಾತೂ ಅಷ್ಟೇ. ನಾರಿಗಾಗಿ ಬೆಳೆಯೋ, ನಶೆ ಇಲ್ಲದ ತಳಿಗೆ ಉತ್ತರಾಖಂಡ 2018ರಲ್ಲಿ ಅನುಮತಿ ಕೊಟ್ಟಿತು. ಹಿಮಾಚಲ 2025ರಲ್ಲಿ ಪ್ರಾಯೋಗಿಕ ಬೆಳೆಗೆ ಒಪ್ಪಿತು. ಮಾಡಲಿ, ನೋಡೋಣು. ನಮ್ಮಲ್ಲಿ ಕೇಳೋದಾದರೆ ಮೊದಲು ದರ ಬರೆದ ಕರಾರು ಕೇಳ್ರಿ, ಆಮೇಲೆ ಬೀಜ. ಇನ್ನು ಅಂಗಡಿ ತೆರೆದರೆ ಏನಾಗತೈತಿ ಅಂತ ಥಾಯ್ಲೆಂಡ್ ತೋರಿಸೈತಿ. 2022ರ ಜೂನಿನಲ್ಲಿ ಬಾಗಿಲು ತೆಗೆದರು, ಸಾವಿರಾರು ಅಂಗಡಿ ಎದ್ದವು, 2025ರ ಜೂನಿನಲ್ಲಿ ಡಾಕ್ಟರ ಚೀಟಿ ಬೇಕು ಅಂತ ಮತ್ತೆ ಬಿಗಿ ಮಾಡಿದರು.

'ಹಂಗಾದ್ರ ಮಕ್ಕಳ ಗತಿ?' ಅಂತ ತಾಯಂದಿರು ಕೇಳ್ತಾರ. ಈ ಪ್ರಶ್ನೆನ ನಾನು ಹಗುರ ಮಾಡೂದಿಲ್ಲ. ಎಳೆ ವಯಸ್ಸಿನಾಗ ದಿನಾ ಗಾಂಜಾ ಸೇದಿದರೆ ಓದು ಕೆಡತೈತಿ, ಕೆಲವರಿಗೆ ಮನಸ್ಸಿನ ಸ್ಥಿಮಿತವೇ ತಪ್ಪತೈತಿ. ಅದಕ್ಕೇ ನಾನು ಅಂಗಡಿ ಬ್ಯಾಡ ಅನ್ನೋದು. ಆದರೆ ಇವತ್ತು ಮಗ ಸೇದತಾನ ಅಂತ ಗೊತ್ತಾದ ತಾಯಿ ಯಾರ ಹತ್ರ ಹೋಗಬೇಕು? ಬಾಯಿ ಬಿಟ್ಟರೆ ಕೇಸಿನ ಹೆದರಿಕೆ, ಮಾನ ಹೋಗೋ ಹೆದರಿಕೆ. ಧಾರವಾಡದ ಡಿಮ್ಹಾನ್ಸ್ ಮುಟ್ಟೋಕೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಗಬೇಕು. ಪೋರ್ಚುಗಲ್ 2001ರಿಂದ ಸ್ವಂತ ಬಳಕೆಯವರನ್ನ ಕ್ರಿಮಿನಲ್ ಕೋರ್ಟಿಗೆ ಕಳಿಸೋದು ಬಿಟ್ಟಿತು. ಮಾರೋದು ಅಲ್ಲಿ ಇವತ್ತಿಗೂ ಅಪರಾಧ. ಸಿಕ್ಕವನನ್ನ ಒಂದು ಸಮಿತಿ ಮುಂದೆ ಕೂರಿಸಿ, ಚಟ ಇದ್ದರೆ ಚಿಕಿತ್ಸೆಗೆ ಕಳಿಸ್ತಾರ. ಜೈಲು ಮತ್ತು ಅಂಗಡಿ ನಡುವೆ ಹಾದಿ ಐತಿ ಅನ್ನೋದಕ್ಕೆ ಇಷ್ಟು ಸಾಕು.

ಆದ್ದರಿಂದ ಬೇಡಿಕೆ ಮೂರು. ಸ್ವಂತ ಬಳಕೆಯ ಸಣ್ಣ ಪ್ರಮಾಣಕ್ಕೆ ಜೈಲು ತೆಗೀರಿ, ತಾಲೂಕು ಆಸ್ಪತ್ರೆಯಾಗ ಚಟದ ಚಿಕಿತ್ಸೆ ಇಡ್ರಿ. ಹೊಲದಾಗ ಗಿಡ ಸಿಕ್ಕರೆ ಹೂವಿನ ತುದಿಯನ್ನಷ್ಟೇ ತೂಗ್ರಿ, ನಾಲ್ಕು ಗಿಡದವನಿಗೆ ದಂಡ ಹಾಕಿ, ಮುಂಗಡ ಕೊಟ್ಟವನನ್ನ ಹುಡುಕ್ರಿ. ಮಾರಾಟಕ್ಕೆ, ಜಾಹೀರಾತಿಗೆ, ಕಂಪನಿಗಳಿಗೆ ಬಾಗಿಲು ತೆಗೀಬ್ಯಾಡ್ರಿ.

ಇದು ಕೇಂದ್ರದ ಕಾಯ್ದೆ, ತಿದ್ದುವವರು ಸಂಸದರು. ಪಟಿಯಾಲಾದ ಧರ್ಮವೀರ ಗಾಂಧಿ, ಒಡಿಶಾದ ತಥಾಗತ ಸತ್ಪಥಿ ಸಂಸದರಾಗಿದ್ದಾಗ ಈ ಬಗ್ಗೆ ಬಾಯಿ ಬಿಟ್ಟಿದ್ದಾರೆ. ಅವರ ಮಾತೆಲ್ಲಾ ಒಪ್ಪಬೇಕಂತಿಲ್ಲ. ಗೋಕಾಕ, ಮೂಡಲಗಿ ಬೆಳಗಾವಿ ಲೋಕಸಭಾ ಕ್ಷೇತ್ರಕ್ಕೆ ಬರ್ತಾವ, ಹುಕ್ಕೇರಿ ಚಿಕ್ಕೋಡಿಗೆ. ಮುಂದಿನ ಸಲ ಓಟು ಕೇಳೋಕೆ ಬಂದವರಿಗೆ ಕಬ್ಬಿನ ದರದ ಜೊತೆಗೆ ಇದನ್ನೂ ಕೇಳ್ರಿ: ಹಸಿ ಕಾಂಡ ತೂಗಿ ನಮ್ಮವರನ್ನ ಹತ್ತು ವರ್ಷ ಒಳಗಿಡೋದು ಯಾವ ನ್ಯಾಯ?