ಬೆಂಕಿ ಆರಿಸಲು ವರ್ಗಣಿಯೋ, ಕರವೋ?

ಅಮೇರಿಕದ ಟೆನೆಸಿ ಸಂಸ್ಥಾನದಲ್ಲಿ ಸೌತ್ ಫುಲ್ಟನ್ ಎಂಬ ಚಿಕ್ಕ ಪಟ್ಟಣವಿದೆ. ಅದರ ಎಲ್ಲೆಯ ಹೊರಗಿನ ಹಳ್ಳಿಗಾಡಿನ ಮನೆಗಳಿಗೂ ಪಟ್ಟಣದ ಅಗ್ನಿಶಾಮಕ ದಳವೇ ಆಸರೆ. ಆದರೆ ವರುಷಕ್ಕೆ 75 ಡಾಲರು ವರ್ಗಣಿ ಸಲ್ಲಿಸಿದವರಿಗೆ ಮಾತ್ರ ಈ ಸೇವೆಯೆಂದು ನಿಯಮವಿದ್ದಿತು. 2010ನೆಯ ಇಸವಿಯ ಸಪ್ಟಂಬರದಲ್ಲಿ ವರ್ಗಣಿ ಸಲ್ಲಿಸದ ಒಬ್ಬ ಗೃಹಸ್ಥನ ಮನೆಗೆ ಬೆಂಕಿ ಹತ್ತಿತು. ಕೇಳಿದಷ್ಟು ಹಣ ಕೊಡುವೆನೆಂದು ಆತನು ಅಂಗಲಾಚಿದರೂ ದಳವು ಬರಲಿಲ್ಲ. ವರ್ಗಣಿ ಕೊಟ್ಟಿದ್ದ ನೆರೆಯವನ ಹೊಲಕ್ಕೆ ಉರಿಯು ಹಬ್ಬಿದ ಮೇಲೆ ಬಂದಿತು. ಹೊಲವನ್ನು ಕಾಯ್ದು, ಕಣ್ಣೆದುರಿನ ಮನೆಯನ್ನು ಉರಿಯಗೊಟ್ಟಿತು. ಮೂರು ನಾಯಿಗಳೂ ಒಂದು ಬೆಕ್ಕೂ ಬೂದಿಯಾದವು. 2011ರ ಡಿಸೆಂಬರದಲ್ಲಿ ಅದೇ ಸೀಮೆಯಲ್ಲಿ ಇನ್ನೊಂದು ಮನೆಯು ಹೀಗೆಯೇ ಸುಟ್ಟಿತು.

ದಳದವರನ್ನು ಕಟುಕರೆಂದು ಬಯ್ಯುವುದು ಸುಲಭ. ಆದರೆ ಅವರ ಪಕ್ಷದ ವಾದವು ಹುರುಳಿಲ್ಲದ್ದಲ್ಲವೆಂಬುದನ್ನು ವಕೀಲನಾದ ನಾನು ಒಪ್ಪಲೇಬೇಕು. ವರ್ಗಣಿ ಕೊಡದವನ ಮನೆಯನ್ನೂ ಆರಿಸುವುದಾದರೆ ಮುಂದಿನ ವರುಷ ವರ್ಗಣಿ ಕೊಡುವ ಮರುಳನಾರು? ಬೆಂಕಿ ಬಿದ್ದ ದಿನ ಕೊಟ್ಟರಾಯಿತೆಂದು ಎಲ್ಲರೂ ಸುಮ್ಮನಿದ್ದರೆ ಯಂತ್ರ ಕೊಳ್ಳುವ ಹಣವೆಲ್ಲಿ, ಹಗಲಿರುಳು ಕಾಯುವ ಆಳುಗಳ ಸಂಬಳವೆಲ್ಲಿ? ವಾದವು ಸರಿ. ಅದರಿಂದ ಹೊರಡುವ ನಿರ್ಣಯ ಮಾತ್ರ ಬೇರೆ. ಕೊಡದವನ ಮನೆಯನ್ನು ಸುಡಗೊಟ್ಟ ಹೊರತು ಯಾವ ವ್ಯವಸ್ಥೆಯು ನಡೆಯಲಾರದೋ, ಆ ವ್ಯವಸ್ಥೆಯಲ್ಲಿ ಇಚ್ಛೆಗೆ ಎಡೆಯಿರಬಾರದು.

ಲಂಡನ್ನಿನ ವಿಮಾ ಕಂಪನಿಗಳು ಈ ಪಾಠವನ್ನು ದುಡ್ಡು ತೆತ್ತು ಕಲಿತವು. 1666ರ ಮಹಾದಹನದ ತರುವಾಯ ಹುಟ್ಟಿದ ಕಂಪನಿಗಳು ತಮ್ಮ ತಮ್ಮ ದಳಗಳನ್ನು ಕಟ್ಟಿಕೊಂಡು, ವಿಮೆಯಿಳಿಸಿದ ಮನೆಗಳ ಗೋಡೆಗೆ ಲೋಹದ ಬಿಲ್ಲೆಗಳನ್ನು ಜಡಿಯುತ್ತಿದ್ದವು. 1833ರಲ್ಲಿ ಹತ್ತು ಕಂಪನಿಗಳು ಕೂಡಿ ಜೇಮ್ಸ್ ಬ್ರೇಡ್‌ವುಡ್ ಎಂಬವನ ಕೈಕೆಳಗೆ ಒಂದೇ ದಳವನ್ನು ನಿಲ್ಲಿಸಿದವು. ಈ ದಳವು ವಿಮೆಯಿಲ್ಲದ ಮನೆಗಳನ್ನೂ ಆರಿಸುತ್ತಿದ್ದಿತು. ಇದು ಧರ್ಮಬುದ್ಧಿಯೊಂದರಿಂದಲೇ ಅಲ್ಲ, ಬಿಲ್ಲೆಯಿಲ್ಲದ ಮನೆಯ ಕಿಡಿಯು ಬಿಲ್ಲೆಯುಳ್ಳ ಮನೆಗೆ ಹಾರುವುದರಿಂದ. ಹೀಗೆ ಕೊಡುವವರು ಕೆಲವರು, ಫಲ ಉಣ್ಣುವವರು ಎಲ್ಲರೂ ಆದರು. 1861ರಲ್ಲಿ ಟೂಲಿ ಬೀದಿಯ ಉಗ್ರಾಣಗಳು ಉರಿದು, ಕುಸಿದ ಗೋಡೆಯ ಕೆಳಗೆ ಬ್ರೇಡ್‌ವುಡ್ಡನೇ ಮಡಿದಾಗ, ಭಾರವನ್ನು ಹೊರಲಾರೆವೆಂದು ಕಂಪನಿಗಳೇ ಸರಕಾರಕ್ಕೆ ತಿಳಿಸಿದವು. 1865ರ ಕಾಯದೆಯಿಂದ ದಳವು ಸಾರ್ವಜನಿಕವಾಯಿತು. ಆಸ್ತಿಯ ಮೇಲಿನ ಪಟ್ಟಿಯಿಂದ ಹಣ ಬಂದಿತು. ಕಂಪನಿಗಳೂ ಒಂದು ಪಾಲನ್ನು ಕೊಟ್ಟವು. ಲಾಭವನ್ನೇ ಎಣಿಸುವ ವ್ಯಾಪಾರಿಗಳು ತಾವಾಗಿ ಕೈಬಿಟ್ಟ ಪದ್ಧತಿಯನ್ನು ಸ್ವಾತಂತ್ರ್ಯದ ಹೆಸರಿನಲ್ಲಿ ಮತ್ತೆ ಎತ್ತಿ ಹಿಡಿಯುವವರಿಗೆ ಏನೆನ್ನಬೇಕು?

ಸ್ಥಳದಲ್ಲಿಯೇ ವೆಚ್ಚ ವಸೂಲು ಮಾಡಲಿ ಎಂದು ಕೆಲವರೆನ್ನುವರು. ಮನೆ ಉರಿಯುತ್ತಿರುವವನು ಯಾವ ಕರಾರಿಗೂ ಸಹಿ ಹಾಕುವನು. ಅದನ್ನು ಸ್ವಸಂತೋಷದ ಒಪ್ಪಂದವೆನ್ನಲು ನನ್ನ ನಾಲಗೆ ಏಳದು. ರೋಮಿನ ಕ್ರಾಸಸನು ಉರಿಯುವ ಮನೆಗಳನ್ನೂ ಅವುಗಳ ನೆರೆಮನೆಗಳನ್ನೂ ಅಗ್ಗಕ್ಕೆ ಕೊಂಡು ಶ್ರೀಮಂತನಾದನೆಂದು ಪ್ಲುಟಾರ್ಕನು ಬರೆದಿದ್ದಾನೆ. ಸೌತ್ ಫುಲ್ಟನ್ನಿನವರು 2012ರಲ್ಲಿ ನಿಯಮವನ್ನು ತಿದ್ದಿ, ಎಲ್ಲರ ಮನೆಗೂ ಹೋಗುವುದೆಂದೂ ವರ್ಗಣಿ ಕೊಡದವರಿಂದ 3,500 ಡಾಲರು ವಸೂಲು ಮಾಡುವುದೆಂದೂ ಗೊತ್ತುಮಾಡಿದರು. ಮೊದಲಿನದಕ್ಕಿಂತ ಇದು ಮೇಲು, ನಿಜ. ಆದರೆ ಮನೆ ಕಳಕೊಂಡವನ ಹತ್ತಿರ ಆ ಹೊತ್ತಿಗೆ ಉಳಿದಿರುವುದೇನು?

ಗುಡಿಸಲಿನವನು ಸಾಹುಕಾರನ ಉಗ್ರಾಣದ ರಕ್ಷಣೆಗೆ ಏಕೆ ತೆರಬೇಕು ಎಂಬ ಆಕ್ಷೇಪವು ಉತ್ತರಕ್ಕೆ ಯೋಗ್ಯವಾದುದು. ಗುಡಿಸಲಿಗೂ ಮಹಲಿಗೂ ಒಂದೇ 75 ಡಾಲರು ಎಂಬ ವರ್ಗಣಿಯಲ್ಲಿಯೇ ಆ ಅನ್ಯಾಯ ಹೆಚ್ಚು. ಆಸ್ತಿಯ ಬೆಲೆಯ ಮೇಲೆ ಕರ ಹಾಕಿದರೆ ಉಗ್ರಾಣದವನು ಹೆಚ್ಚು ತೆರುವನು. ಎಣ್ಣೆ, ಮದ್ದು, ಪಟಾಕಿ ಕೂಡಿಡುವವರಿಂದ ಪರೀಕ್ಷಣೆಯ ವೆಚ್ಚಕ್ಕೆಂದು ಪ್ರತ್ಯೇಕ ಫೀ ಪಡೆಯುವುದಕ್ಕೂ ಅಡ್ಡಿಯಿಲ್ಲ. ಅಪಾಯವನ್ನು ತಂದವನು ಅವನೇ. ಕರಕ್ಕೂ ಫೀಗೂ ಇರುವ ಭೇದವನ್ನು ನಮ್ಮ ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು 1954ರಲ್ಲಿಯೇ ವಿವರಿಸಿದೆ: ವಿಶೇಷ ಸೇವೆಗೆ ಪ್ರತಿಫಲವಾದದ್ದು ಫೀ, ಸಾರ್ವಜನಿಕ ಹಿತಕ್ಕೆ ಎಲ್ಲರ ಮೇಲಿನ ಹೊರೆ ಕರ. ಓಣಿಯಲ್ಲಿ ಹಬ್ಬುವ ಬೆಂಕಿಯನ್ನು ಆರಿಸುವುದು ಒಬ್ಬನಿಗೆ ಮಾಡಿದ ವಿಶೇಷ ಸೇವೆಯೆನಿಸಲಾರದು.

ಆದರೆ ಕರ ಕೊಡುವವನಿಗೆ ಲೆಕ್ಕ ಕೇಳುವ ಹಕ್ಕಿದೆ. 1992ರ 74ನೆಯ ತಿದ್ದುಪಡಿಯು ಘಟನೆಯ ಹನ್ನೆರಡನೆಯ ಅನುಸೂಚಿಯಲ್ಲಿ ನಗರಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಸಾಲಿಗೆ ಅಗ್ನಿಶಾಮಕ ಸೇವೆಯನ್ನೂ ಸೇರಿಸಿದೆ. ಅಗ್ನಿಯ ಹೆಸರಿನಲ್ಲಿ ಎತ್ತಿದ ಹಣವು ಬೇರೆ ಬಾಬಿಗೆ ಹರಿಯದೆ ಯಂತ್ರಕ್ಕೆ, ನೀರಿಗೆ, ಆಳುಗಳ ತರಬೇತಿಗೆ ಎಷ್ಟೆಷ್ಟು ಸಂದಿತೆಂಬ ತಃಖ್ತೆಯನ್ನು ವರುಷಕ್ಕೊಮ್ಮೆ ಊರವರ ಮುಂದಿಡತಕ್ಕದ್ದು.