ಆನೆಯ ದಾರಿ ಒಂದು, ಆಡಳಿತ ಮೂರು

ನಮ್ಮ ಬೇರಿಕೆ, ಹೊಸೂರು ಸೀಮೆಯ ಕೃಷಿಕನಿಗೆ ಅರಣ್ಯನೀತಿಯೆಂಬುದು ದೂರದ ದೆಹಲಿಯ ಕಡತವಲ್ಲ. ರಾಗಿ ತೆನೆಗಟ್ಟಿದಂದಿನಿಂದ ಒಕ್ಕಣೆ ಮುಗಿಯುವವರೆಗೆ ಅವನ ನಿದ್ದೆಯನ್ನು ಆಳುವುದು ಅದೇ. ಬನ್ನೇರುಘಟ್ಟದ ಕಾಡಿನಿಂದ ಹೊರಟ ಆನೆಗಳು ಜವಳಗಿರಿ, ಡೆಂಕಣಿಕೋಟೆಗಳ ಅರಣ್ಯವನ್ನು ಹಾದು ಸಾನಮಾವು ಮೀಸಲು ಕಾಡನ್ನು ಸೇರುತ್ತವೆ. 1980ರ ದಶಕದಲ್ಲಿ ಈ ಸೀಮೆಯಿಂದ ಕೆಲವು ಹಿಂಡುಗಳು ಆಂಧ್ರದ ಚಿತ್ತೂರು ಜಿಲ್ಲೆಯನ್ನೂ ಮುಟ್ಟಿದವು. ಅವುಗಳಿಗಾಗಿಯೇ 1990ರಲ್ಲಿ ಅಲ್ಲಿ ಕೌಂಡಿನ್ಯ ವನ್ಯಜೀವಿಧಾಮ ಸ್ಥಾಪನೆಯಾಯಿತು. ಆನೆಗೆ ಇದು ಒಂದೇ ದಾರಿ. ಆಡಳಿತಕ್ಕೆ ಮೂರು ರಾಜ್ಯ.

ನೀತಿ ಬೆಳೆದಿಲ್ಲವೆಂದಲ್ಲ. ಊರು ಕಾಡಿನ ಪಕ್ಕದಲ್ಲಿದೆಯೆಂಬ ಮಾತ್ರಕ್ಕೆ ರಾಷ್ಟ್ರದ ಹಕ್ಕು ಕುಂದದೆಂಬುದು 1952ರ ಅರಣ್ಯನೀತಿಯ ನಿಲುವಾಗಿತ್ತು. 1988ರ ನೀತಿ ಈ ದೃಷ್ಟಿಯನ್ನು ಬದಲಿಸಿತು: ಆದಾಯಕ್ಕಿಂತ ಪರಿಸರದ ಸಮತೋಲನ ಮುಖ್ಯ, ಕಾಡಂಚಿನ ಬಡವರ ಸೌದೆ, ಮೇವುಗಳಿಗೆ ಮೊದಲ ಮನ್ನಣೆ. 1976ರ ಸಂವಿಧಾನ ತಿದ್ದುಪಡಿ ಅರಣ್ಯವನ್ನು ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ತಂದಿತ್ತು. ತಮಿಳುನಾಡು ಸರ್ಕಾರ 2014ರಲ್ಲಿ ಕಾವೇರಿ ಉತ್ತರ, 2022ರಲ್ಲಿ ಕಾವೇರಿ ದಕ್ಷಿಣ ವನ್ಯಜೀವಿಧಾಮಗಳನ್ನು ಘೋಷಿಸಿದ್ದೂ ಸ್ತುತ್ಯವೇ. ಆದರೆ ಕಾಡನ್ನು ನಿರ್ವಹಿಸುವ ಕಾರ್ಯಯೋಜನೆ ಇಂದಿಗೂ ಒಂದೊಂದು ಅರಣ್ಯ ವಿಭಾಗಕ್ಕೆ ಪ್ರತ್ಯೇಕ. ಒಂದು ಕಡೆಯ ಸಿಬ್ಬಂದಿ ಪಟಾಕಿ ಸಿಡಿಸಿ ಅಟ್ಟಿದ ಹಿಂಡು ಇನ್ನೊಂದು ಕಡೆಯ ಹೊಲಕ್ಕಿಳಿದರೆ, ಮೊದಲಿನವರ ಲೆಕ್ಕದಲ್ಲಿ ಕೆಲಸ ಮುಗಿದಂತೆ.

ಒಂದೇ ಕಾಡನ್ನು ಹಂಚಿಕೊಂಡು ಆಳುವ ತೊಡಕು ನಮ್ಮದಷ್ಟೇ ಅಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟ ವಿಘಟಿಸಿದಾಗ ಒಂದೇ ಆಡಳಿತದ ಕೆಳಗಿದ್ದ ಕಾಡುಗಳು ಹಲವು ನೀತಿಗಳ ಪಾಲಾದವು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾಗಳು ಕಾಡಿನ ಒಂದು ಭಾಗವನ್ನು ಹಿಂದಿನ ಒಡೆಯರಿಗೂ ಅವರ ವಾರಸುದಾರರಿಗೂ ಮರಳಿಸಿದವು. ರಷ್ಯಾ ಒಡೆತನವನ್ನು ತನ್ನಲ್ಲೇ ಉಳಿಸಿಕೊಂಡು, 2006ರ ಅರಣ್ಯ ಸಂಹಿತೆಯ ಮೂಲಕ ನಿರ್ವಹಣೆಯ ಹೊಣೆಯನ್ನು ಪ್ರಾಂತಗಳಿಗೆ ವಹಿಸಿತು. 2010ರ ಬೇಸಗೆಯಲ್ಲಿ ಕಾಳ್ಗಿಚ್ಚು ಹಬ್ಬಿದಾಗ, ಹೊಣೆ ಹಂಚುವ ಭರದಲ್ಲಿ ಕಾವಲು ಸಡಿಲವಾಯಿತೆಂಬ ಟೀಕೆ ಅಲ್ಲಿಯೇ ಕೇಳಿಬಂತು. ಹಂಚಿಕೆ ತಪ್ಪಲ್ಲ, ಹಂಚಿದ್ದನ್ನು ಮತ್ತೆ ಬೆಸೆಯುವ ವ್ಯವಸ್ಥೆ ಇಲ್ಲದಿರುವುದು ತಪ್ಪು.

ಆದ್ದರಿಂದ ಬನ್ನೇರುಘಟ್ಟ, ಹೊಸೂರು, ಚಿತ್ತೂರು ಕಾಡುಗಳಿಗೆ ಸಮಾನ ಕಾರ್ಯಯೋಜನೆಯೊಂದು ಬೇಕು. ಆನೆಯ ದಾರಿ, ರಾಗಿಯ ಹಂಗಾಮು, ಬೆಳೆಹಾನಿಯ ಪರಿಹಾರ ಇವು ಮೂರೂ ಅದರಲ್ಲಿ ಒಂದೇ ಕಡೆ ಬರಬೇಕು. ರಾಜ್ಯಗಳ ಅಧಿಕಾರಕ್ಕೆ ಇದರಿಂದ ಕುಂದಾಗದೇ ಎಂದು ಕೇಳುವವರಿದ್ದಾರೆ. ಆಗದು, ತಂತಮ್ಮ ಕಾಡನ್ನು ಅವೇ ಕಾಯಲಿ, ಆದರೆ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಕಾಯಲಿ.

ಇಲ್ಲಿ ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೇನು ಕೆಲಸ? ಗಡಿಯ ಮಕ್ಕಳಾದ ನಮ್ಮಲ್ಲಿ ಅನೇಕರು ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು ಆಡಬಲ್ಲವರು. ಬೆಳೆ ಕಳೆದುಕೊಂಡ ರೈತನ ಅಹವಾಲು ಅವನ ಮಾತಿನಲ್ಲೇ ದಾಖಲಾಗದಿದ್ದರೆ, ನೀತಿ ರೂಪಿಸುವವರಿಗೆ ಅವನ ನಷ್ಟ ಕಾಣುವುದಿಲ್ಲ. ಅದನ್ನು ಕೇಳಿ ಬರೆದು, ಮೂರು ಭಾಷೆಗಳಲ್ಲಿ ಮೂರು ಕಚೇರಿಗಳಿಗೆ ಮುಟ್ಟಿಸುವುದು ಭಾಷೆಯನ್ನು ಓದಿದವರ ಕರ್ತವ್ಯ. ಈ ಹಂಗಾಮಿನ ಒಕ್ಕಣೆಗೆ ಮೊದಲೇ ಆ ಕೆಲಸ ಆರಂಭವಾಗಲಿ.