ನೆಗಡಿಗೆ ಮೂಗು ಕೊಯ್ಯುವ ರಿಪೇರಿ

ತಾತನ ಕಾಲದ ಕಾರಿಗೆ ಮತ್ತೆ ಜೀವ ಕೊಡುವ ಹುಚ್ಚು ಮೈಸೂರಿಗೆ ಹೊಸದಲ್ಲ. ವಿಜಯನಗರದ ಮನೆಯ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ಮಲಗಿದ್ದ ಮಾರಿಸ್, ಆಸ್ಟಿನ್ ಗಾಡಿ ಹೊರಬಂದರೆ ಬೀದಿಗೆ ಬೀದಿಯೇ ನಿಂತು ನೋಡುತ್ತದೆ. ಬಣ್ಣ ಫಳಫಳ, ಬಂಪರು ಮಿರಮಿರ, ಸೀಟಿಗೆ ಹೊಸ ರೆಕ್ಸಿನ್. ಎಲ್ಲಾ ಸರಿ ಸ್ವಾಮಿ, ಡ್ಯಾಶ್‌ಬೋರ್ಡಿನ ಕೆಳಗೆ ಒಮ್ಮೆ ಬಗ್ಗಿ ನೋಡಿ. ಅಲ್ಲಿದ್ದ ಹೀಟರ್ ಎಲ್ಲಿ ಹೋಯಿತು?

"ಲೀಕ್ ಆಗ್ತಿತ್ತು ಸಾರ್, ಕಿತ್ತಾಕಿ ಎರಡು ಪೈಪೂ ಸೇರಿಸಿಬಿಟ್ವಿ. ಮೈಸೂರಲ್ಲಿ ಹೀಟರ್ ಯಾಕೆ ಸಾರ್?" ಇದು ಗ್ಯಾರೇಜುಗಳ ಸಿದ್ಧ ಉತ್ತರ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ!

ಹೀಟರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಎಂಜಿನ್ನಿನ ಬಿಸಿನೀರು ಒಂದು ವಾಲ್ವ್ ದಾಟಿ, ರಬ್ಬರ್ ಪೈಪಿನಲ್ಲಿ ಹರಿದು, ಪುಟ್ಟ ರೇಡಿಯೇಟರಿಗೆ ಬರುತ್ತದೆ. ಹಿಂದಿನಿಂದ ಫ್ಯಾನ್ ಗಾಳಿ ಬೀಸುತ್ತದೆ. ಮಡಿಕೇರಿಯ ಮಳೆಯಲ್ಲಿ, ಊಟಿಯ ಚಳಿಯಲ್ಲಿ ಮುಂದಿನ ಗಾಜಿನ ಮಂಜು ಬಿಡಿಸುವುದು ಇದೇ. ಇನ್ನೊಂದು ಗುಟ್ಟೂ ಇದೆ. ಘಾಟಿ ಹತ್ತುವಾಗ ಎಂಜಿನ್ ಕಾದರೆ ಹೀಟರನ್ನು ಪೂರ್ತಿ ತಿರುಗಿಸಿದರೆ ಸ್ವಲ್ಪ ಬಿಸಿ ಅಲ್ಲಿಂದ ಇಳಿಯುತ್ತದೆ. ಹಳೆ ಡ್ರೈವರುಗಳನ್ನು ಕೇಳಿ, ಹೇಳುತ್ತಾರೆ.

ಕೆಡುವ ಜಾಗಗಳೂ ನಾಲ್ಕೈದೇ. ವಾಲ್ವ್ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತದೆ, ಪೈಪು ಸೀಳುತ್ತದೆ, ಕೇಬಲ್ಲು ತುಂಡಾಗುತ್ತದೆ, ಫ್ಯಾನ್ ಮೋಟಾರಿನ ಕಾರ್ಬನ್ ಸವೆಯುತ್ತದೆ, ಪುಟ್ಟ ರೇಡಿಯೇಟರಿನ ಬೆಸುಗೆ ಬಿಡುತ್ತದೆ. ಇದರಲ್ಲಿ ರಿಪೇರಿಯಾಗದ್ದು ಯಾವುದು? ಹಳೆಯದು ತಾಮ್ರ, ಹಿತ್ತಾಳೆಯದು. ಒಳಗೆ ಗಾಳಿ ತುಂಬಿ ನೀರಿನ ತೊಟ್ಟಿಗೆ ಅದ್ದಿದರೆ ಗುಳ್ಳೆ ಬಂದ ಕಡೆ ತೂತು ಗೊತ್ತಾಗುತ್ತದೆ. ಬೆಸುಗೆ ಹಾಕಿದರೆ ಮತ್ತೆ ವರ್ಷಗಟ್ಟಲೆ ಬಾಳುತ್ತದೆ. ಈಗಿನ ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನದು ಒಡೆದರೆ ಸಾಮಾನ್ಯವಾಗಿ ಗುಜರಿಗೇ. ಒಂದು ಎಚ್ಚರಿಕೆ: ಹಳೆ ಕಾರಿಗೆ ಈಗಿನ ಹೆಚ್ಚು ಒತ್ತಡದ ರೇಡಿಯೇಟರ್ ಮುಚ್ಚಳ ಹಾಕಬೇಡಿ. ಹಾಕಿದ ಬೆಸುಗೆ ಮತ್ತೆ ಕಿತ್ತುಬಂದೀತು.

2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮ ತಂದಿತು. ಶುಲ್ಕ 20,000 ರೂಪಾಯಿ. ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕೆಂಬುದು ಷರತ್ತು. ಹೀಟರನ್ನು ಆ ನಿಯಮ ಹೆಸರಿಸುವುದಿಲ್ಲ, ನಿಜ. ಆದರೆ ಒಡವೆ ಹಾಕಿ ಮೆರೆಸುವವರು ಕಿವಿ ಕತ್ತರಿಸಿ ಮೆರೆಸುತ್ತಾರೆಯೇ?

ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಹುಟ್ಟಿದ ಬೈಕುಗಳು ಇಂದಿಗೂ ಗುಡುಗುತ್ತಿವೆ. ಯಾರ ಪುಣ್ಯದಿಂದ? ಮುರಿದ ಭಾಗವನ್ನು ಬಿಸಾಕದೆ ಅರಕ್ಕೆ, ಬೆಸುಗೆಗೆ ಕೊಟ್ಟ ಕೈಗಳಿಂದ. ಆ ಕೈಗಳಿಗೆ ಈಗ ವಯಸ್ಸಾಗುತ್ತಿದೆ. ರೇಡಿಯೇಟರ್ ರಿಪೇರಿಯವನು ಅರ್ಧ ದಿನ ಕೂತು ತೂತು ಮುಚ್ಚಿದರೆ, ಬಣ್ಣಕ್ಕೆ ಲಕ್ಷ ಸುರಿದ ಮಾಲೀಕ ನೂರು ರೂಪಾಯಿಗೆ ಚೌಕಾಸಿ ಮಾಡಿದರೆ ಅವನ ಮಗ ಆ ಕಸುಬಿಗೆ ಯಾಕೆ ಬರುತ್ತಾನೆ? ಈ ಕೈ ಹೋದರೆ ನಷ್ಟ ಶೋಕಿ ಕಾರಿಗೆ ಮಾತ್ರವಲ್ಲ. ರಸ್ತೆ ಮಧ್ಯೆ ಹೊಗೆಯಾಡಿ ನಿಲ್ಲುವ ಟೆಂಪೋ, ಹಳೆ ಬಸ್ಸುಗಳಿಗೂ ಅವನೇ ವೈದ್ಯ.

ನಮ್ಮ ಮಾತು ಇಷ್ಟೆ. ಮಾಲೀಕರು ಮುರಿದ ಭಾಗವನ್ನು ಗುಜರಿಗೆ ಹಾಕುವ ಮುನ್ನ ಬೆಸುಗೆಯವನಿಗೆ ತೋರಿಸಲಿ, ಕೆಲಸಕ್ಕೆ ತಕ್ಕ ಕೂಲಿ ಕೊಡಲಿ. ಐ.ಟಿ.ಐ.ಗಳು ಈ ಕಸುಬುದಾರರನ್ನು ಕರೆದು, ಮೋಟಾರು ಮೆಕ್ಯಾನಿಕ್ ಕಲಿಯುವ ಹುಡುಗರ ಮುಂದೆ ಕೂರಿಸಲಿ. ಸೀಸದ ಹೊಗೆ ಕುಡಿಯದೆ ಬೆಸುಗೆ ಹಾಕುವ ಕ್ರಮವನ್ನೂ ಅಲ್ಲೇ ಕಲಿಸಲಿ.

ಕಾರು ತಾತನದಿರಬಹುದು, ಅದನ್ನು ಉಳಿಸುವ ಕೈ ಮೊಮ್ಮಗನದಾಗಬೇಕು. ಸಂಬಂಧಪಟ್ಟವರು ಗಮನಿಸುವರೇ?